ಬಾಚಿ ಸುಟ್ಟ ಹುಲ್ಲು

ಹಿಮದ ಮೇಲೆ ನಾಯಿಗಳು ಎಳೆಯುವ ಜಾರುಬಂಡಿಗಳ ದೂರದೋಟದ ಮುಖ್ಯ ಪಶುವೈದ್ಯಾಧಿಕಾರಿಗಳಿಗೆ,

ಮಾನ್ಯರೇ,

ನಿಮ್ಮ ತಪಾಸಣೆಯಲ್ಲಿ ಪಾಸಾದ ನಾಯಿ ಸತ್ತಿದೆ. ಯಾಕೆ ಸತ್ತಿತೆಂದು ಮೊದಲು ಹೇಳಿದವಳು ನಮ್ಮ ಹಿಲ್ಡಜ್ಜಿ, ಕಳೆದ ಗುರುವಾರ ಸಂಜೆ, ಊರಿನ ಸಭಾಮನೆಯಲ್ಲಿ. ಅವಳು ದೂರಿದ್ದು ನಿಮ್ಮನ್ನಲ್ಲ, ನಮ್ಮನ್ನು. ನಾನು ನಿಮ್ಮನ್ನೂ ಸೇರಿಸಿಕೊಳ್ಳುತ್ತಿದ್ದೇನೆ, ಅಷ್ಟೆ.

ಯೂಕಾನ್ ನದಿಯ ದಂಡೆಯ ನಮ್ಮೂರು ನಿಮ್ಮ ಓಟದ ತಂಗುದಾಣ. ತಂಡ ಕಂಡೊಡನೆ ಚರ್ಚಿನ ಗಂಟೆ ಹೊಡೆಯುತ್ತೇವೆ. ಊರಿಗೆ ಊರೇ ದಂಡೆಗಿಳಿದು ಕೂಗುತ್ತದೆ. ಹೊಗೆಯಾಡಿಸಿದ ಸಾಲ್ಮನ್ ಮೀನಿನ ವಾಸನೆ ನದಿಯ ತಿರುವಿನತನಕ ಹೋಗುತ್ತದೆ. ಅಷ್ಟು ಸಂಭ್ರಮಕ್ಕೆ ಸಾಯುವ ನಾಯಿಯೂ ಬಾಲ ಆಡಿಸೀತು. ಸರಿಯಾಗಿ ಆ ಗಳಿಗೆಯಲ್ಲೇ ನಿಮ್ಮ ವೈದ್ಯರು ಬಂದು, ಎದೆ ಆಲಿಸಿ, ಕಾಲು ಒತ್ತಿ, "ಚುರುಕಾಗಿದೆ" ಎನ್ನುತ್ತಾರೆ. ದಿಬ್ಬಣದ ನಡುವೆ ಮದುಮಗನನ್ನು ನಿಲ್ಲಿಸಿ ಆರೋಗ್ಯ ಕೇಳಿದಂತೆ! ನೆಂಟರ ಮುಂದೆ ಯಾರು ನರಳುತ್ತಾರೆ ಸ್ವಾಮಿ?

ನನ್ನ ತಂಗಿಯ ಮಗ ವೆಂಡೆಲ್‌ನ ತಂಡದ ಮುಂದಾಳು ನಾಯಿ ಪೆಪ್ಪರ್ ಹಾಗೆಯೇ ಕಿವಿ ನಿಮಿರಿಸಿಕೊಂಡು ಬಂದಳು. ಪಾಸಾದಳು. ಹಿಮದ ಮೇಲೆ ನಾವು ಹಾಸಿಕೊಡುವ ಒಣಹುಲ್ಲಿನಲ್ಲಿ ಮಲಗಿ ಎದ್ದಾಗ ಅಲ್ಲಿ ಡಾಂಬರಿನಂಥ ಕಪ್ಪು ಮಲ ಬಿದ್ದಿತ್ತು. ಅಷ್ಟರಲ್ಲಿ ನಿಮ್ಮ ವೈದ್ಯರು ಹೊಸದಾಗಿ ಬಂದ ತಂಡದ ಕಡೆ ಓಡಿದ್ದರು. ನಮ್ಮೂರಿಗೋ, 'ಅತಿ ಸ್ವಚ್ಛ ತಂಗುದಾಣ' ಎಂದು ನಿಮ್ಮ ಸಮಿತಿ ಕೊಟ್ಟ ಫಲಕದ ಹೆಮ್ಮೆ. ನಾಯಿ ಎದ್ದ ಕೂಡಲೇ ಹುಲ್ಲು ಬಾಚಿ ಸುಡುತ್ತೇವೆ. ಅಂದು ಸಲಿಕೆ ನನ್ನ ಕೈಯಲ್ಲಿತ್ತು.

"ಏನೋ ಅದು ಕ್ಲೆಮೆಂಟ, ಅಷ್ಟು ಕಪ್ಪಗಿದೆ?" ಅಂದಳು ಹಿಲ್ಡಜ್ಜಿ.

"ಬೀವರ್ ಮಾಂಸ ತಿಂದಿರ್ಬೇಕು ಬಿಡಜ್ಜಿ. ನಿನ್ ಸಾರು ಇದಕ್ಕಿಂತ ಕಪ್ಪಗಿರತ್ತೆ."

"ಅದನ್ನ ಕುಡ್ದೇ ನೀನು ಈ ಗಾತ್ರ ಆಗಿರೋದು. ಸುಮ್ನೆ ಬಾಚು."

ನಕ್ಕೆವು. ಬಾಚಿದೆ. ಸುಟ್ಟೆ.

ಹೊರಡುವಾಗ ವೆಂಡೆಲ್, "ಮಾವ, ಪೆಪ್ಪರ್ ಯಾಕೋ ಊಟ ಬಿಟ್ಲು" ಅಂದ.

"ಖುಷಿಗೆ ಕಣೋ. ನಡಿ ನಡಿ, ಹಿಂದಿನೋರು ಬಂದ್ಬಿಡ್ತಾರೆ" ಅಂದವನು ನಾನೇ.

ದಾರಿಯಲ್ಲಿ ಕುಸಿದು, ಮುಂದಿನ ತಂಗುದಾಣಕ್ಕೆ ಅವಳು ಬಂಡಿಯಲ್ಲಿ ಮಲಗಿ ಹೋದಳು. ತಲುಪುವಷ್ಟರಲ್ಲಿ ಉಸಿರಿರಲಿಲ್ಲ. ಕೊಯ್ದು ನೋಡಿದರೆ ಹೊಟ್ಟೆ ತುಂಬ ಹುಣ್ಣು, ಒಳಗೇ ಸೋರಿದ ರಕ್ತ; ಹುಲ್ಲಿನ ಮೇಲಿನ ಕಪ್ಪೂ ಅದೇ. ದಿನಗಟ್ಟಲೆ ಓಡುವ ನಾಯಿಗೆ ಹೊಟ್ಟೆ ಹುಣ್ಣಾಗುತ್ತದೆ, ಕೊರೆಯುವ ಗಾಳಿಗೆ ಶ್ವಾಸನಾಳ ಊದಿಕೊಳ್ಳುತ್ತದೆ, ವಾಂತಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಇದು ನಿಮಗೆ ಗೊತ್ತಿಲ್ಲದ್ದೇ? ಆದರೂ "ಎಲ್ಲ ತಪಾಸಣೆಯಲ್ಲೂ ಆರೋಗ್ಯವಾಗಿತ್ತು" ಎಂದು ಪ್ರಕಟಣೆ ಹೊರಡಿಸಿದಿರಿ. ಎಷ್ಟು ಅನುಕೂಲ! ಅದನ್ನು ಅಲ್ಲಗಳೆಯುವ ಪುರಾವೆಯನ್ನು ನಾನೇ ಸುಟ್ಟಿದ್ದೆನಲ್ಲ.

"ನಾಯಿ ಹೇಳೋದನ್ನ ಹುಲ್ಲಲ್ಲಿ ಬಿಟ್ಟಿತ್ತು ಕಣ್ರೋ," ಅಂದಳು ಹಿಲ್ಡಜ್ಜಿ ಸಭಾಮನೆಯಲ್ಲಿ. "ನಾವು ಫಲಕ ಒರೆಸ್ಕೊಂಡು ಕೂತ್ವಿ." ಓಟ ಬಿಟ್ಟು ಬಂದಿದ್ದ ವೆಂಡೆಲ್ ಮೂಲೆಯಲ್ಲಿದ್ದ. ನನ್ನ ಕಡೆ ನೋಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಬೇಡಿಕೆ ಇಷ್ಟೆ. ನಾಯಿ ಬಂದಾಗ ನೋಡಿದ್ದು ಸಾಲದು. ಮಲಗಿ ಎದ್ದ ಮೇಲೂ ನೋಡಿ. ಹುಲ್ಲು ಪರೀಕ್ಷಿಸದೆ ಯಾವ ತಂಡವನ್ನೂ ಬಿಡಬೇಡಿ. ನಾಯಿಯನ್ನು ತಡೆಯುವ ಕೊನೆಯ ಮಾತು ವೈದ್ಯರದಾಗಲಿ, ಅವಸರದ ಮಾವಂದಿರದಲ್ಲ. ಫಲಕವನ್ನೂ ದಯವಿಟ್ಟು ವಾಪಸ್ಸು ಒಯ್ಯಿರಿ.

ಮರುದಿನ, ಶುಕ್ರವಾರ ಬೆಳಗ್ಗೆ, ಕೊನೆಯ ತಂಡ ಬಂತು. ಯಾರೂ ಗಂಟೆ ಹೊಡೆಯಲಿಲ್ಲ, ಯಾರೂ ಸಲಿಕೆ ಮುಟ್ಟಲಿಲ್ಲ. ನಾಯಿಗಳು ಎದ್ದ ಮೇಲೆ ಹಿಲ್ಡಜ್ಜಿ ನಿಮ್ಮ ವೈದ್ಯೆಯ ತೋಳು ಹಿಡಿದು ಒಂದೊಂದೇ ಹುಲ್ಲುಹಾಸಿಗೆ ತೋರಿಸುತ್ತ ಹೋದಳು. ಒಂದರಲ್ಲಿ ಕಪ್ಪು ಕಂಡಿತು. ಬಂಡಿಯವನು ಎಗರಾಡಿದ. ಊರೆಲ್ಲ ಅವನ ದಾರಿಗೆ ಅಡ್ಡ ನಿಂತಿತು. ವೈದ್ಯೆ ಮದ್ದು ಕೊಟ್ಟ ಆ ನಾಯಿ ಈಗ ನಮ್ಮ ಒಲೆಯ ಪಕ್ಕ ಮಲಗಿದೆ. ಬಾಲ ಆಡಿಸುತ್ತಿಲ್ಲ. ಉಸಿರಾಡುತ್ತಿದೆ.

ಇಂತಿ,
ಬಲು ಚೊಕ್ಕಟವಾಗಿ ಬಾಚಿದವನು,
ಕ್ಲೆಮೆಂಟ್