ಹನಿ ನೀರಿನ ನಿರ್ಣಯ

ಬೆಳ್ಳಿದ್ವೀಪದ ಮಹಾರಾಣಿಯವರಿಗೆ,

ನಮಸ್ಕಾರ. ಆನ್‌ಲೈನ್ ಆಟದಲ್ಲಿ ನಿಮ್ಮ ಪಕ್ಕದ ದೇಶ ಆಳ್ತಾರಲ್ಲ, ಆ ಪ್ಲಂಬರ್ ಹೆಂಡತಿ ನಾನು. ನಿಮ್ಮ ಮುಖ ನೋಡಿಲ್ಲ. ಹೆಸರು ಮಾತ್ರ ಊಟಕ್ಕೆ ಕೂತಾಗಲೆಲ್ಲ ಕೇಳ್ತೀನಿ.

‘ಹನಿ ನೀರೂ ಪೋಲಾಗಬಾರದು’ ಅಂತ ನೀವು ಆಟದ ದೇಶಗಳ ಸಭೆಗೆ ನಿರ್ಣಯ ತಂದ್ರಿ. ಅದು ಮತಕ್ಕೆ ಬರೋಕೇ ಬೆಂಬಲಿಗರು ಬೇಕಂತೆ. ನಮ್ಮೋರು ಒಂದೊಂದು ದೇಶಕ್ಕೂ ಮೆಸೇಜ್ ಕಳಿಸಿ ಬೇಡ್ಕೊಂಡ್ರು. ಇತ್ತ ನಮ್ಮ ಅಡುಗೆಮನೆ ನಲ್ಲಿ ಸೋರ್ತಾನೇ ಇದೆ. ಮನೆಗೆ ಮಾರಿ, ಊರಿಗೆ ಉಪಕಾರಿ! ನಾನು ಹೇಳಿದ್ರೆ ‘ನೋಡೋಣ’ ಅಂತಾರೆ. ನನ್ನ ಮಾತಿಗೆ ಈ ಮನೇಲಿ ಬೆಂಬಲಿಗರೇ ಇಲ್ಲ.

ಅದಕ್ಕೇ ಒಂದು ಸಹಾಯ ಮಾಡಿ. ಮುಂದಿನ ನಿರ್ಣಯದಲ್ಲಿ ನಮ್ಮ ನಲ್ಲಿಗೆ ವಾಷರ್ ಹಾಕೋದನ್ನೂ ಸೇರಿಸಿ. ನೀವು ಹೇಳಿದ್ರೆ ಕೂತ ಜಾಗದಿಂದ ಎದ್ದು ಓಡ್ತಾರೆ.

ಸೇರಿಸಿದ್ರೆ ನನ್ನ ಮತವೂ ನಿಮಗೇ. ಹೌದು, ಹೋದ ವಾರ ಆ ಆಟದಲ್ಲಿ ನಾನೂ ಒಂದು ದೇಶ ಕಟ್ಕೊಂಡೆ.

ನಿನ್ನೆ ನಿಮ್ಮ ನಿರ್ಣಯ ಒಂದೇ ಒಂದು ಮತದಲ್ಲಿ ಬಿದ್ದೋಯ್ತಲ್ಲ, ‘ಯಾವ ಹೊಟ್ಟೆಕಿಚ್ಚಿನವರೋ’ ಅಂತ ನಮ್ಮೋರು ಊಟ ಬಿಟ್ಟು ಮಲಗಿದ್ರು. ನಾನು ಎರಡು ಸಲ ಬಡಿಸ್ಕೊಂಡು ಉಂಡೆ.

ಇಂತಿ,
ಅಡುಗೆಮನೆ ದೇಶದ ಮಹಾರಾಣಿ