ಹುಟ್ಟುಗೋಲಿನ ಮೇಲೆ ಮಿಂಚುಳ್ಳಿ

ಲುಕೌ ಪೇಟೆ
೯ ನವೆಂಬರ್ ೧೯೯೬, ಶನಿವಾರ

ಪ್ರೀತಿಯ ಸುರೋಂಗ್,

ಸಂಜೆ ನಾಲ್ಕೂವರೆ. ಹಂಡೆಯಲ್ಲಿ ಮೊಟ್ಟೆಗಳು ಒಂದಕ್ಕೊಂದು ತಾಗುವ ಸದ್ದಿಗೆ ಎಚ್ಚರವಾಯಿತು. ಅದೂ ಅರೆಗಳಿಗೆಯ ಜೋಂಪು. ನಿದ್ದೆ ಎಂಬುದು ಮಗಳು ಹುಟ್ಟಿದ ದಿನವೇ ಹೋಯಿತು. ನಾಳೆ ಅವಳಿಗೆ ತಿಂಗಳು ತುಂಬಿದ ಊಟ. ಕೆಳಗೆ ಅತ್ತೆ ಮೊಟ್ಟೆ ಬೇಯಿಸಿ ಕೆಂಪು ಬಣ್ಣ ಹಾಕುತ್ತಿದ್ದಾರೆ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ಬೇಸರ ಮಾಡಿಕೊಳ್ಳಬೇಡ. ಬಾಣಂತಿ ಅಕ್ಷರ ನೋಡಿದರೆ ಕಣ್ಣು ಹೋಗುತ್ತದಂತೆ. ನನ್ನ ಪುಸ್ತಕ, ಪೆನ್ನು ಎಲ್ಲ ಬೀರುವಿನ ಮೇಲೇರಿವೆ. "ಒಂದು ತಿಂಗಳು ಸುಮ್ನೆ ಮಲಗೋಕೆ ಬರಲ್ವಾ? ಮತ್ತೆ ಕಾಲೇಜಲ್ಲಿ ಏನು ಕಲಿಸಿದ್ರು ನಿಂಗೆ?" ಎನ್ನುತ್ತಾ ಅತ್ತೆ ಮೀನಿನ ಸಾರು ಕೈಗಿಡುತ್ತಾರೆ.

ಹೆರಿಗೆಯಾದ ವಾರ ಕೈವೆನ್ ತಾನು ಪಾಠ ಹೇಳುವ ಶಾಲೆಯ ಊರಿನಿಂದ ನನಗೊಂದು ಪದ್ಯ ಕಳಿಸಿದ್ದ. ಹೆಂಡತಿ ದೂರವಿರುವ ಗಂಡ ಬರೆಯುವಂಥದ್ದು. ನೀರಿಳಿದ ಹೊಳೆ, ಮಂಜು ಕೂತ ಜೊಂಡು, ದಡಕ್ಕೆ ಕಟ್ಟಿದ ಖಾಲಿ ದೋಣಿ, ದೂರದಲ್ಲಿ ಆರುವ ದೀಪ. ನಾಲ್ಕು ಸಾಲಿನಲ್ಲಿ ಒಬ್ಬ ಮನುಷ್ಯನೂ ಇಲ್ಲ. ನಮ್ಮ ಹಳೆಯ ಪದ್ಯಗಳ ರೀತಿಯೇ ಅದು, ಒಂಟಿ ಎಂದು ಬಾಯಿಬಿಟ್ಟು ಹೇಳದೆ ದೋಣಿಯ ಮೇಲೆ ಹೊರಿಸುವುದು. ಕಾಲೇಜಿನ ದಿನಗಳಿಂದ ಅವನ ಪದ್ಯಕ್ಕೆ ಅವನದೇ ಪ್ರಾಸದಲ್ಲಿ ಮರುಪದ್ಯ ಕಟ್ಟಿದವಳು ನಾನೊಬ್ಬಳೇ. ಈ ಸಲ ಪೆನ್ನಿಲ್ಲದೆ ಕಟ್ಟಲಾಗಲಿಲ್ಲ; ಇವತ್ತು ಈ ಕಾಗದಕ್ಕೆಂದು ಅತ್ತೆಗೆ ಕಾಣದಂತೆ ಪೆನ್ನು ಇಳಿಸಿಕೊಂಡೆ.

ನಿನ್ನೆ, ಅವನು ತೋಳು ಹೊಲಿಸಲು ಕಳಿಸಿದ ಕೋಟಿನ ಜೇಬಿನಲ್ಲಿ ಮರುಪದ್ಯ ಸಿಕ್ಕಿತು. ನಾಲ್ಕೂ ಪ್ರಾಸ ಹಾಗೆಯೇ ಇವೆ. ಹೆಸರಿಲ್ಲ. ಯಾರ ಕೈಯೆಂದು ತಿಳಿಯಬಾರದೆಂದೇ ತಿದ್ದಿದಂಥ ಅಕ್ಷರ. ದೋಣಿ ಖಾಲಿಯಲ್ಲವಂತೆ, ಹುಟ್ಟುಗೋಲಿನ ಮೇಲೆ ಮಿಂಚುಳ್ಳಿಯೊಂದು ಕೂತಿದೆಯಂತೆ, ಅಲೆ ಬಡಿದರೂ ಹಾರುವುದಿಲ್ಲವಂತೆ. ಅರ್ಥ ನಿನಗೆ ಬಿಡಿಸಿ ಹೇಳಬೇಕೇ? ನನಗಿಂತ ಚೆನ್ನಾಗಿ ಬರೆದಿದ್ದಾಳೆ. ಹೊಟ್ಟೆ ಉರಿಯುವುದು ಅದಕ್ಕೂ. ರಾತ್ರಿಯಿಡೀ ಹಾಲೂಡಿಸುತ್ತಾ ಅದನ್ನೇ ಬಾಯಿಪಾಠ ಮಾಡಿದ್ದೇನೆ.

ಅತ್ತೆಗೆ ಅದನ್ನು ಹೇಳಿದರೆ ನಕ್ಕರು. "ಹಕ್ಕಿ ತಾನೇ, ಕೂತ್ಕೊಳ್ಳಲಿ ಬಿಡು. ನನ್ ಮಗನ ಕಾಲುಚೀಲ ಒಗೆಯೋಕೆ ಬರುತ್ತಾ ಅದು?"

ನೀನೂ ಅದೇ ಶಾಲೆಯಲ್ಲಿ ಪಾಠ ಹೇಳುವವಳು. ಅವನ ಪದ್ಯ ಓದುವವರು ಅಲ್ಲಿ ಎಷ್ಟು ಜನ ಇದ್ದಾರು? ನಾಳೆ ಮೊದಲ ಬಸ್ಸಿಗೆ ಅವನ ಜೊತೆ ನೀನೂ ಬರುತ್ತೀ. ಮಗುವಿನ ತಲೆಯ ಮೇಲೆ ಕೆಂಪು ಮೊಟ್ಟೆ ಉರುಳಿಸಿ ಹರಸುವವಳು ನೀನೇ ಎಂದು ಎಂದೋ ಅತ್ತೆಗೆ ಹೇಳಿಟ್ಟಿದ್ದೇನೆ.

ನಿನ್ನ ಕೆಮ್ಮು ವಾಸಿಯಾಗಲಿ. ಈ ಚಳಿಗಾಲ ನಿನ್ನನ್ನು ಮೆತ್ತಗೆ ದಾಟಿಸಲಿ.

ನಿನ್ನ
ಪೈಯುನ್

ಮತ್ತೆ: ಕಾಲೇಜಿನ ಎರಡನೇ ವರ್ಷ ಕೆರೆಯಲ್ಲಿ ನಮ್ಮ ಹುಟ್ಟುಗೋಲಿನ ಮೇಲೆ ಮಿಂಚುಳ್ಳಿ ಬಂದು ಕೂತಿತ್ತು. ದೋಣಿಯಲ್ಲಿದ್ದವರು ನಾವಿಬ್ಬರೇ. "ಇದನ್ನ ಯಾರಿಗೂ ಹೇಳ್ಬೇಡ ಕಣೇ, ನಮ್ಮಿಬ್ಬರಿಗೇ ಇರಲಿ" ಅಂದವಳು ನೀನು. ನಾನು ಕೈವೆನ್‌ಗೂ ಹೇಳಲಿಲ್ಲ.

ಆರರ ಬಸ್ಸಿನ ಚಾಲಕ ಇದನ್ನು ಒಂಬತ್ತಕ್ಕೆಲ್ಲ ನಿನ್ನ ಕೈಗೆ ಕೊಡುತ್ತಾನೆ. ಫೋನು ಕೆಳಗೆ ಅಂಗಡಿಯಲ್ಲಿದೆ. ಗಾಳಿ ತಾಗಿದರೂ ಸರಿ, ಮಗುವನ್ನು ಎತ್ತಿಕೊಂಡು ಅದರ ಪಕ್ಕದಲ್ಲೇ ಕೂತಿರುತ್ತೇನೆ. ನಾಳೆ ನೀವಿಬ್ಬರೂ ಒಟ್ಟಿಗೆ ಬಸ್ಸಿಳಿಯುವಾಗ ನಿಮ್ಮ ಮುಖ ನೋಡಿ ತಿಳಿದುಕೊಳ್ಳುವಂತೆ ಮಾಡಬೇಡ. ಆ ಪದ್ಯ ಬರೆದವಳು ನಾನಲ್ಲ ಅನ್ನು, ಇಲ್ಲವೇ ನಾನೇ ಅನ್ನು. ಬೆಳಗಾಗುವ ಮೊದಲು ಫೋನ್ ಮಾಡು ಸುರೋಂಗ್, ದಮ್ಮಯ್ಯ.