ಹಣಮಿಗೆ ಕಲಿಸುವ ಹೊತ್ತು

ಫೆಬ್ರವರಿ 10, 1997. ಸಗರ

ಬೆಳಿಗ್ಗೆ ಮತ್ತೆ ಮಗಳು ಹಣಮಿಯ ಕೌದಿ ಒದ್ದೆ. ಒಗೆದು ಹಾಕಿ ಸ್ಕೂಲಿಗೆ ಓಡಿದೆ. ಪ್ರಾರ್ಥನೆ ಮುಗಿದಿತ್ತು. ಹೆಡ್‌ಮಾಸ್ಟರು ಗಡಿಯಾರ ನೋಡಿದರು.

ಸಂಜೆ ಅತ್ತೆಯದು ಶುರು.

"ಎರಡು ವರ್ಷ ತುಂಬ್ಯಾವು ಸುಂದ್ರಮ್ಮ. ನಿನ್ನ ಗಂಡ ವರ್ಷಕ್ಕೇ ಕಲ್ತಿದ್ದ. ಇಕಿಗಿ ಉಚ್ಚಿ ಹೇಳೂದ ಯಾವಾಗ ಕಲಸ್ತಿ? ಮುಂದಿನ ತಿಂಗಳ ಕೆನಾಲ್ ಬಂದ್ ಆಗ್ತದ. ಈ ಅರಿವಿ ರಾಶಿ ಎಲ್ಲಿ ಒಗೀಲಿ ನಾ?"

ತಪ್ಪಿಲ್ಲ ಅವರದು. ನಾನು ಸ್ಕೂಲಿಗೆ ಹೋದ ಮೇಲೆ ಹಣಮಿಯನ್ನು ನೋಡಿಕೊಳ್ಳುವವರು, ಅವಳ ಚಡ್ಡಿ ಒಗೆಯುವವರು ಅವರೇ.

"ಇನ್ನಾ ಸಣ್ಣಾಕಿ ಅದಾಳ್ರಿ ಅತ್ತಿ. ತಾನಾಗಿ ಹೇಳೂತನ ತಡೀರಿ."

ಟೀಚರ್ ಟ್ರೇನಿಂಗಿನಲ್ಲಿ ಹೇಳಿದ್ದು ಅದೇ. ಮಗು ಒಂದೆರಡು ತಾಸು ಒಣಗಿ ಇರುವಂತಾದ ಮೇಲೆ ಶುರು ಮಾಡಬೇಕು. ಹಣಮಿ ಅರ್ಧ ತಾಸೂ ಒಣಗಿರುವುದಿಲ್ಲ. ಅಂದರೆ ಹೊತ್ತು ಬಂದಿಲ್ಲ.

"ಪುಸ್ತಕ ನೋಡಿ ಮಕ್ಕಳ್ನ ಬೆಳಸ್ತಾರೇನವ್ವ?" ಅಂದು ಒಳಗೆ ಹೋದರು.

ಫೆಬ್ರವರಿ 16

ಇವರು ನಾರಾಯಣಪುರದಿಂದ ಬಂದರು. ಡ್ಯಾಮಿನ ಕ್ವಾರ್ಟರ್ಸಿನಲ್ಲಿ ಇದ್ದು ಇದ್ದು ಮಾತೇ ಕಡಿಮೆಯಾಗಿದೆ. ಗೇಟ್ ಎತ್ತು, ಗೇಟ್ ಇಳಿಸು — ಅಷ್ಟೇ ಲೋಕ. ಹಣಮಿ ವಿಷಯ ಕೇಳಿದೆ. "ಅವ್ವ ಅಂದಂಗ ಕೇಳು. ಜಗಳ ಯಾಕ?" ಅಂದರು.

ಮಧ್ಯಾಹ್ನ ಅತ್ತೆ ಎಣ್ಣೆ ಹಚ್ಚಿ ಎರೆದರು. ಹಣಮಿಯ ಸೊಂಟದ ಹಿಂದೆ, ಬೆನ್ನಿನ ಬುಡದಲ್ಲಿ, ಒಂದು ಕೂದಲ ಗೊಂಚಲು. ಹುಟ್ಟಿದಾಗಲೇ ಇತ್ತು. ಹಣಮಪ್ಪನ ಬಾಲದ ಗುರುತು ಅಂತ ಹಣಮಂತಮ್ಮ ಎಂದೇ ಹೆಸರಿಟ್ಟರು. ಇವತ್ತಿಗೂ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅತ್ತೆ ನೀರು ಹಾಕುವುದಿಲ್ಲ. ಹಣಮಿ ಕಿಲಕಿಲ ನಗುತ್ತಾಳೆ, ಕಚಗುಳಿ ಅಂತ.

ಮಾರ್ಚ್ 27

ಕೆನಾಲ್ ಬಂದ್. ತಳದ ಕೆಸರು ಬಿರಿಯತೊಡಗಿದೆ. ಬೋರಿನ ಮುಂದೆ ಕೊಡಗಳ ಸಾಲು. ಕುಡಿಯಲು ಸಿಕ್ಕರೆ ಸಾಕು, ಒಗೆಯುವುದು ಎಲ್ಲಿಂದ? ಮನೆ ತುಂಬ ವಾಸನೆ. ಪಕ್ಕದ ಖಾಜಾಬೀ ಬಾಗಿಲಲ್ಲಿ ನಿಂತೇ ಮಾತಾಡಿ ಹೋದಳು, ಒಳಗೆ ಬರಲಿಲ್ಲ.

ಸೋತೆ. ರಜೆ ಬಿದ್ದ ಕೂಡಲೇ ಶುರು ಮಾಡೋಣ ಅಂದೆ. ಅತ್ತೆಯ ಮುಖ ಅರಳಿತು. ಶಹಾಪುರದ ಬಜಾರಿನಿಂದ ಮಕ್ಕಳನ್ನು ಕೂಡಿಸುವ ಹಳದಿ ಪ್ಲಾಸ್ಟಿಕ್ ಪಾಟ್ ತಂದೆ.

ಏಪ್ರಿಲ್ 12

ಶುರು ಮಾಡಿದೆವು. ಮೊದಲು ಪಾಟ್ ಮೇಲೆ. ತಲೆಗೆ ಹಾಕಿಕೊಂಡು ಆಡಿದಳು. ಆಮೇಲೆ ಅತ್ತೆ ಕಾಲು ಚಾಚಿ, ಪಾದಗಳ ಮೇಲೆ ಕೂಡಿಸಿಕೊಂಡು, ಶ್ಶ್... ಶ್ಶ್... ಎಷ್ಟು ಹೊತ್ತು ಕೂತರೂ ಏನಿಲ್ಲ. ಎಬ್ಬಿಸಿದರೆ ಹೊಸ್ತಿಲು ದಾಟುವುದರೊಳಗೆ ಒದ್ದೆ. ಬಗ್ಗಿ ನೋಡಿದಳು. "ಅವ್ವಾ, ನೀರು!" ಅಂದಳು. ಬೇರೆ ಯಾರೋ ಚೆಲ್ಲಿದ ಹಾಗೆ.

ಅತ್ತೆ ನಕ್ಕರು. ನನಗೆ ನಗು ಬರಲಿಲ್ಲ. ಯಾಕೋ.

ಏಪ್ರಿಲ್ 21

ಮಧ್ಯಾಹ್ನ ಮಲಗಿ ಎದ್ದೆ. ಹಣಮಿ ಮಣ್ಣಿನ ಗಡಿಗೆಗೆ ಬಾಯಿ ಹಚ್ಚಿ ಹೊರಗಿನ ತೇವ ನೆಕ್ಕುತ್ತಿದ್ದಾಳೆ. ಈ ಬಿಸಿಲಿನಲ್ಲಿ!

"ನೀರು ಕೊಟ್ಟಿಲ್ಲೇನ್ರಿ?"

"ಊಟ ಆದ ಮ್ಯಾಲ ಕೊಟ್ಟಿಲ್ಲ. ಒಳಗ ಹೋಗಲಿಲ್ಲಂದ್ರ ಹೊರಗ ಎಲ್ಲಿಂದ ಬರ್ತದ?"

ಜೋರಾಗಿ ಜಗಳವಾಯಿತು. ಮದುವೆಯಾದ ಮೇಲೆ ಮೊದಲ ಸಲ ಅವರ ಮೇಲೆ ದನಿ ಎತ್ತಿದೆ. ಹಣಮಿ ಎರಡು ಲೋಟ ಗಟಗಟ ಕುಡಿದಳು. ಕುಡಿಯುತ್ತಲೇ ಒದ್ದೆ ಮಾಡಿಕೊಂಡಳು. ಅತ್ತೆ ನನ್ನ ಮುಖ ನೋಡಿದರು, ನೋಡಿದಿ ಏನು ಅನ್ನುವ ಹಾಗೆ.

ಏಪ್ರಿಲ್ 30

ಇವತ್ತು ಹೊಡೆದೆ. ತೊಡೆಯ ಮೇಲೆ. ಆಗತಾನೆ ಕೂಡಿಸಿ ಎಬ್ಬಿಸಿದ್ದೆ, ಹಾಸಿಗೆ ಹತ್ತಿ ನೆನೆಸಿದಳು. ಬೆರಳು ಮೂಡಿವೆ. ಬರೆಯಲು ಮನಸ್ಸಿಲ್ಲ.

ಮೇ 8

ಯಾದಗಿರಿಯಲ್ಲಿ ಮೂರು ದಿನ ಟ್ರೇನಿಂಗ್ ಇತ್ತು. ಇವತ್ತು ಬಂದೆ.

ಹಣಮಿ ಓಡಿ ಬರಲಿಲ್ಲ. ಕಂಬದ ಹಿಂದೆ ನಿಂತಿದ್ದಳು. ಹತ್ತಿರ ಹೋದರೆ ಎರಡೂ ಕೈಯಿಂದ ಒದ್ದೆ ಚಡ್ಡಿ ಮುಚ್ಚಿಕೊಂಡಳು. "ಇಲ್ಲ ಅವ್ವಾ, ಇಲ್ಲ ಇಲ್ಲ" ಅಂದಳು. ಎತ್ತಿಕೊಂಡೆ, ಚೀರಿದಳು. ಲಂಗ ಎತ್ತಿ ನೋಡಿದೆ.

ಹೊಕ್ಕಳ ಕೆಳಗೆ ಬರೆ. ಮೂರು. ಸುಟ್ಟ ಚರ್ಮ ಬಾತು ನಿಂತಿದೆ.

ಅತ್ತೆ ಮುದನಾಳದ ಅಮಾತೆಪ್ಪನ ಹತ್ತಿರ ಕರೆದುಕೊಂಡು ಹೋಗಿದ್ದರಂತೆ. ಮಕ್ಕಳಿಗೆ ಬರೆ ಹಾಕುವವನು.

"ಹಟ ಬಿಡ್ತದ ಅಂದ. ಓಣ್ಯಾಗ ಎಷ್ಟ ಮಕ್ಕಳಿಗಿ ಹಾಕಿಸ್ಯಾರ... ನಿಮ್ಮ ಮಾವಗೂ ಸಣ್ಣಂದ್ರಾಗ ಹಾಕಿದ್ರು. ನಾ ಏನ್ ವೈರಿ ಏನ ಆಕಿಗಿ?" ಅತ್ತೆ ಅಳುತ್ತಿದ್ದರು. ಅಲ್ಲಿಯೂ ಅತ್ತಿರಬೇಕು. ಆದರೂ ಕೈಕಾಲು ಹಿಡಿದುಕೊಂಡವರು ಅವರೇ. ಕೇಳಿದೆ. ಹೌದು ಅಂದರು.

ಮೇ 13

ಜ್ವರ. ಬರೆ ಕೀವಾಗಿದೆ. ಶಹಾಪುರಕ್ಕೆ ಜೀಪಿನಲ್ಲಿ ತೊಡೆಯ ಮೇಲೆ ಹಾಕಿಕೊಂಡು ಹೋದೆ.

ಡಾಕ್ಟರ್ ಬರೆ ನೋಡಿ ನನ್ನನ್ನು ಬೈದರು. ಬೈಸಿಕೊಂಡೆ. ಇಂಜೆಕ್ಷನ್ ಕೊಡಲು ಬೋರಲು ಮಲಗಿಸಿದವರು ಹಾಗೇ ನಿಂತರು.

"ಈ ಕೂದಲ ಹುಟ್ಟಿದಾಗಿಂದ ಅದ ಏನಮ್ಮ?"

"ಹೌದ್ರಿ. ಹಣಮಪ್ಪನ ಗುರ್ತು ಅಂತಾರ್ರಿ."

ಅವರು ನಗಲಿಲ್ಲ. ಗೊಂಚಲಿನ ಕೆಳಗೆ ಬೆರಳಿಂದ ಒತ್ತಿ ಒತ್ತಿ ನೋಡಿದರು. ಪೆನ್ನಿನ ತುದಿಯಿಂದ ಅಂಗಾಲು ಗೀರಿದರು. ಬಲಗಾಲು ಎಳೆದುಕೊಂಡಳು. ಎಡಗಾಲು ಸುಮ್ಮನೆ ಇತ್ತು. ಮತ್ತೆ ಗೀರಿದರು. ಸುಮ್ಮನೆ ಇತ್ತು.

"ಉಚ್ಚಿ ಯಾವಾಗಲೂ ಹನೀತಾನೇ ಇರ್ತದ ಏನು?"

ಹೌದು ಅಂದೆ. ಹೈದರಾಬಾದಿಗೆ ಚೀಟಿ ಬರೆದರು. ತಡ ಮಾಡಬೇಡಿ ಅಂದರು.

ಮೇ 27. ಹೈದರಾಬಾದ್

ಕೆನಾಲ್ ಬಂದ್ ಇದ್ದುದರಿಂದ ಇವರಿಗೆ ರಜೆ ಸಿಕ್ಕಿತು. ಜೊತೆಗೆ ಬಂದಿದ್ದಾರೆ. ಬೆನ್ನಿನ ಫೋಟೋ ತೆಗೆದರು. ಇಲ್ಲಿಯ ದೊಡ್ಡ ಡಾಕ್ಟರ್ ಬೀದರ ಕಡೆಯವರು, ಕನ್ನಡದಲ್ಲೇ ತಿಳಿಸಿ ಹೇಳಿದರು.

ಬೆನ್ನುಮೂಳೆಯೊಳಗಿನ ನರದ ಹುರಿ ಕೆಳಗೆ ಅಂಟಿಕೊಂಡಿದೆಯಂತೆ. ಹೊಟ್ಟೆಯಲ್ಲಿದ್ದಾಗಲೇ. ಮಗು ಬೆಳೆದಂತೆ ಅದು ಎಳೆಯುತ್ತದೆ, ನರಗಳು ಸಾಯುತ್ತವೆ. ಮೇಲೆ ಕೂದಲು ಬೆಳೆದದ್ದು ಅದರ ಗುರುತು.

"ಆಕಿಗಿ ಗೊತ್ತೇ ಆಗಂಗಿಲ್ಲಮ್ಮ. ಬಂದದ್ದೂ ಗೊತ್ತಾಗಂಗಿಲ್ಲ, ಹೋದದ್ದೂ ಗೊತ್ತಾಗಂಗಿಲ್ಲ."

"ನಾವು ಯಾವಾಗ ಶುರು ಮಾಡಿದ್ರ ಕಲೀತಿದ್ಲು ರೀ?" ಇವರು ಕೇಳಿದರು. ಇಷ್ಟು ದಿನಕ್ಕೆ ಇವರು ಬಾಯಿಬಿಟ್ಟು ಕೇಳಿದ್ದು ಇದೊಂದೇ.

"ಯಾವಾಗ ಮಾಡಿದ್ರೂ ಇಲ್ರಿ."

ಆಪರೇಷನ್ ಮಾಡಿದರೆ ಕಾಲು ಉಳಿಯಬಹುದು. ಉಚ್ಚೆಯ ಹಿಡಿತ ಬರುವ ಭರವಸೆ ಇಲ್ಲ. ಹುಟ್ಟಿದ ವರ್ಷವೇ ಬಂದಿದ್ದರೆ... ಅಂದು ನಿಲ್ಲಿಸಿದರು.

ಹೊರಗೆ ಬೆಂಚಿನ ಮೇಲೆ ಹಣಮಿ ಮಲಗಿದ್ದಳು. ಗಡಿಗೆ ನೆಕ್ಕಿದ್ದು, ತೊಡೆಯ ಮೇಲೆ ನನ್ನ ಬೆರಳು, ಬರೆ. ಎಲ್ಲ ಯಾತಕ್ಕೆ? ಅವಳು ಮಾಡದೇ ಇದ್ದದ್ದಕ್ಕೆ.

ಜೂನ್ 5

ನಿನ್ನೆ ಆಪರೇಷನ್ ಆಯಿತು. ಬದುಕಿದ್ದಾಳೆ. ಬೋರಲು ಮಲಗಿಸಿದ್ದಾರೆ, ಮುಖ ಕಾಣುವುದಿಲ್ಲ. ಬೆನ್ನಿನ ಗೊಂಚಲು ಬೋಳಿಸಿದ್ದಾರೆ. ಇವರು ಗೋಡೆಯ ಕಡೆ ತಿರುಗಿ ಅತ್ತರು.

ಜುಲೈ 22. ಸಗರ

ಕೆನಾಲಿಗೆ ನೀರು ಬಿಟ್ಟರು. ಇವರು ನಾರಾಯಣಪುರಕ್ಕೆ ಹೋದರು.

ಹಣಮಿ ನಡೆಯುತ್ತಾಳೆ, ಎಡಗಾಲು ಸ್ವಲ್ಪ ಎಳೆದುಕೊಂಡು. ಹಿಡಿತ ಬಂದಿಲ್ಲ. ಉಚ್ಚೆಯ ಚೀಲ ಪೂರ್ತಿ ಖಾಲಿಯಾಗದೆ ಒಳಗೆ ಉಳಿದರೆ ಕಿಡ್ನಿ ಹಾಳಾಗುತ್ತವಂತೆ. ದಿನಕ್ಕೆ ನಾಲ್ಕೈದು ಸಲ ಸಣ್ಣ ನಳಿಗೆ ಹಾಕಿ ತೆಗೆಯಬೇಕು. ನರ್ಸ್ ನನಗೆ ಕಲಿಸಿ ಕಳಿಸಿದ್ದಾರೆ. ಎಷ್ಟು ದಿನ ಅಂದೆ. ಆಕಿ ಇರೂತನ ಅಂದರು.

ಅತ್ತೆಗೆ ಎಲ್ಲ ಹೇಳಿದರು ಇವರು. ಅವರು ಎದ್ದರು. ಬಟ್ಟೆಗಂಟು ಹೊತ್ತು ಕೆನಾಲಿಗೆ ಹೋದರು, ಕತ್ತಲಾದ ಮೇಲೆ ಬಂದರು. ಅವತ್ತಿನಿಂದ ಹಣಮಿಯನ್ನು ಮುಟ್ಟುತ್ತಿಲ್ಲ. ಊಟ ಕೊಡುತ್ತಾರೆ, ತಟ್ಟೆ ಮುಂದಿಟ್ಟು ಸರಿಯುತ್ತಾರೆ. ನಾನೂ ಮಾತು ಬಿಟ್ಟಿದ್ದೇನೆ.

ಜುಲೈ 29

ಸೋಮವಾರದೊಳಗೆ ಡ್ಯೂಟಿಗೆ ಬನ್ನಿ ಎಂದು ಹೆಡ್‌ಮಾಸ್ಟರು ಹೇಳಿ ಕಳಿಸಿದ್ದಾರೆ. ಇನ್ನು ರಜೆ ಇಲ್ಲ. ಮಧ್ಯಾಹ್ನ ನಳಿಗೆ ಹಾಕುವವರು ಯಾರು? ಖಾಜಾಬೀಯನ್ನು ಕೇಳಿದೆ, ಕೈ ನಡುಗುತ್ತದೆ ಅಂದಳು. ನೌಕರಿ ಬಿಡುವುದೇ ಸರಿ. ರಾಜೀನಾಮೆ ಬರೆಯೋಣ ಅಂತ ಕೂತೆ. ಬರೆಯಲಾಗಲಿಲ್ಲ.

ಆಗಸ್ಟ್ 1

ಮಧ್ಯಾಹ್ನ. ನಳಿಗೆ ಕುದಿಸಿ ಬಟ್ಟೆಯ ಮೇಲೆ ಇಟ್ಟಿದ್ದೆ. ಅತ್ತೆ ಬಾಗಿಲಲ್ಲಿ ಬಂದು ನಿಂತರು.

"ನಂಗ ಕಲಸವ್ವ."

ಅವರ ಕೈ ನೋಡಿದೆ. ಮುದನಾಳದಲ್ಲಿ ಅವಳ ಕೈಕಾಲು ಹಿಡಿದುಕೊಂಡ ಕೈ. ಆ ಕೈಯನ್ನು ಬರೆಯ ಕಲೆಯ ಅಷ್ಟು ಹತ್ತಿರ ಹೇಗೆ ಬಿಡಲಿ? ಅವಳನ್ನು ಹೊಡೆದ ನನ್ನ ಕೈ ಮಾತ್ರ ಏನು ದೊಡ್ಡದು. ಆದರೂ.

"ಆಕಿ ನನ್ನ ನೋಡಿದ್ರ ಅಂಜತಾಳ. ಗೊತ್ತದ ನಂಗ. ನೀ ಬಾಜೂಕ ಕೂಡು. ಅಂಜಿದ್ರ ಬಿಟ್ಟಬಿಡ್ತೀನಿ."

ಹಣಮಿ ನನ್ನ ಮುಖ, ಅವರ ಮುಖ ನೋಡಿದಳು. ಎರಡೂ ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

ಸೋಪು ಹಚ್ಚಿ ಕೈ ತೊಳೆದುಕೊಂಡು ಬನ್ನಿ ಅಂದೆ. ಮೊಣಕೈತನಕ ತಿಕ್ಕಿ ತಿಕ್ಕಿ ತೊಳೆದು ಬಂದರು. ಬಳೆ ತೆಗೆದಿಟ್ಟಿದ್ದರು. ಕೂತರು. ನಳಿಗೆ ಕೊಟ್ಟೆ. ಮೇಲೆ ನನ್ನ ಕೈ ಇಟ್ಟು ಹಿಡಿದೆ.

"ಸಾವಕಾಶ್ರಿ. ಒತ್ತಬ್ಯಾಡ್ರಿ. ಹೋದಷ್ಟು ತಾನೇ ಹೋಗ್ತದ. ಆಕಿ ಮುಖ ನೋಡ್ರಿ ಅತ್ತಿ, ಕೈ ನೋಡಬ್ಯಾಡ್ರಿ, ಆಕಿ ಮುಖ..."

ಹಣಮಿ ಹೊಟ್ಟೆಯ ಮೇಲಿಂದ ಒಂದು ಕೈ ತೆಗೆದು ಅತ್ತೆಯ ಸೆರಗಿನ ತುದಿ ಹಿಡಿದಳು.